ಬೆವರಿನ ಸಾಕ್ಷಿ

ಮೊದಲು ನಮ್ಮ ಬೆವರು ನಾರುತ್ತಿತ್ತು. ಆಮೇಲೆ ಅದಕ್ಕೆ ದೀಪ ಕಟ್ಟಿದರು.

ನಾನು ಕ್ಲಬ್ಬಿನ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಾಗ ನನ್ನ ತಲೆಗೂದಲು ಕಪ್ಪಗಿತ್ತು. ಕ್ಲಬ್ಬೆಂದರೆ ಉಳ್ಳವರು ಮೈ ದಂಡಿಸಲು ಬರುವ ಜಾಗ. ಮೇಲಿನ ಮಹಡಿಯಲ್ಲಿ ಅವರು ಓಡುತ್ತಾರೆ. ಎಲ್ಲಿಗೂ ಹೋಗುವುದಿಲ್ಲ, ನಿಂತಲ್ಲೇ ಓಡುತ್ತಾರೆ. ಕಬ್ಬಿಣ ಎತ್ತುತ್ತಾರೆ, ಎತ್ತಿದ್ದನ್ನು ಎತ್ತಿದಲ್ಲೇ ಇಡುತ್ತಾರೆ. ಈಜುತ್ತಾರೆ, ಮೈ ತಿಕ್ಕಿಸಿಕೊಳ್ಳುತ್ತಾರೆ. ಒರೆಸಿಕೊಂಡ ಟವೆಲ್ಲು, ಮಲಗಿ ಎದ್ದ ಚಾದರ ಎಲ್ಲವನ್ನೂ ಗೋಡೆಯೊಳಗಿನ ದೊಡ್ಡ ಕೊಳವೆಗೆ ಎಸೆಯುತ್ತಾರೆ. ಅದು ದಬದಬನೆ ಕೆಳಗೆ ಬೀಳುತ್ತದೆ. ಕೆಳಗೆ ಅಂದರೆ ನಾವು. ನೆಲಮಾಳಿಗೆಯವರು.

ನಮಗೆ ಹಿಂಬಾಗಿಲು. ಸೇರಿದ ಹೊಸದರಲ್ಲಿ ಕೆಳಗಿನ ನಲ್ಲಿ ಕೆಟ್ಟು, ಬಾಯಾರಿ, ತಿಳಿಯದೆ ಮುಂದಿನ ಮೆಟ್ಟಿಲು ಹತ್ತಿ ಮೇಲೆ ಹೋದೆ. ಅಲ್ಲೊಂದು ತಂಪಾದ ಕೋಣೆ. ಮೆತ್ತನೆಯ ಬೆಂಚುಗಳು. ಗಾಜಿನ ಹೂಜಿಯಲ್ಲಿ ನೀರು. ಆಗಿನ ಮ್ಯಾನೇಜರು ಮೂಗು ಹಿಡಿದುಕೊಂಡ. "ಎಲ್ಲಿಂದ ಬಂತು ಈ ನಾತ?" ಅಂದ. ನೀರು ಕೊಡಲಿಲ್ಲ. ಒಂದು ಬಟ್ಟೆ ಎಸೆದ. ನಾನು ನಿಂತಲ್ಲಿ ಗದ್ದದಿಂದ ನಾಲ್ಕು ಹನಿ ಬೆವರು ಬಿದ್ದಿತ್ತು. ಮಂಡಿಯೂರಿ ಒರೆಸಿದೆ. ಒರೆಸುತ್ತಿದ್ದರೆ ಇನ್ನೆರಡು ಹನಿ ಬಿತ್ತು. ಅದನ್ನೂ ಒರೆಸಿದೆ. ಓಡುತ್ತಿದ್ದವರು ನೋಡುತ್ತಲೇ ಓಡಿದರು. ಅವರ ಬೆವರೂ ಬೀಳುತ್ತಿತ್ತು. ಅದಕ್ಕೆ ಯಾರೂ ಮೂಗು ಹಿಡಿಯಲಿಲ್ಲ.

ಆ ಮ್ಯಾನೇಜರು ಈಗ ಇಲ್ಲ. ಮಾತು ಇದೆ. ನನಗೆ ಓದು ಅಷ್ಟಕ್ಕಷ್ಟೆ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಆದರೆ ಕೇಳಿದ್ದು ಮರೆಯುವುದಿಲ್ಲ.

ನನ್ನ ಕೆಲಸ ರೋಲರಿನದು. ಉಗಿಯಿಂದ ಕಾದ ಉದ್ದನೆಯ ಕಬ್ಬಿಣದ ಉರುಳೆ ತಿರುಗುತ್ತಲೇ ಇರುತ್ತದೆ. ಒದ್ದೆ ಚಾದರವನ್ನು ಇಬ್ಬರು ನಿಂತು ಉಣಿಸಬೇಕು. ಒಂದು ತುದಿ ಒಬ್ಬಳ ಕೈಯಲ್ಲಿ, ಇನ್ನೊಂದು ತುದಿ ಇನ್ನೊಬ್ಬಳ ಕೈಯಲ್ಲಿ. ಎಳೆತ ಸಮ ಇರಬೇಕು. ಹೆಚ್ಚುಕಮ್ಮಿಯಾದರೆ ಸುಕ್ಕು. ಬೆರಳು ಮುಂದೆ ಹೋದರೆ ಬೆರಳೇ ಇಸ್ತ್ರಿ. ಬಿಸಿ ಎದುರಿನಿಂದ ಬಂದು ಮುಖಕ್ಕೆ ಬಡಿಯುತ್ತದೆ. ಬೆವರು ಹನಿಯುವುದಲ್ಲ, ಇಳಿಯುತ್ತದೆ. ಬೆವರಿನ ಹನಿ ಬಿಳಿ ಚಾದರದ ಮೇಲೆ ಬಿದ್ದು ರೋಲರಿಗೆ ಹೋಯಿತೋ, ಹಳದಿ ಕಲೆಯಾಗಿ ಸುಟ್ಟು ಕೂರುತ್ತದೆ. ಮತ್ತೆ ಒಗೆಯಬೇಕು. ಬೈಗುಳ ಬೇರೆ.

ಅದಕ್ಕೇ ನಮ್ಮಲ್ಲಿ ಒರೆಸುವ ಪದ್ಧತಿ. ಒಬ್ಬಳು ಮುಂದಿನ ಚಾದರದ ತುದಿ ಹುಡುಕುವಷ್ಟರಲ್ಲಿ ಇನ್ನೊಬ್ಬಳು ಬಕೆಟ್ಟಿನಿಂದ ಒದ್ದೆ ಬಟ್ಟೆ ತೆಗೆದು ಅವಳ ಹಣೆ, ಕುತ್ತಿಗೆ, ಎರಡೂ ತೋಳು ಒರೆಸಿಬಿಡಬೇಕು. ಮುಂದಿನ ಸಲ ಇವಳು ಅವಳಿಗೆ. ನಮ್ಮ ಬೆವರನ್ನು ನಾವು ಒರೆಸಿಕೊಳ್ಳುವಂತಿಲ್ಲ. ಒರೆಸಿಕೊಳ್ಳಲು ಹೋದರೆ ಎಳೆತ ತಪ್ಪುತ್ತದೆ. ನನಗೆ ಇದನ್ನು ಕಲಿಸಿದವಳು ನನ್ನ ಮೊದಲ ಜೋಡಿಯವಳು. "ರೋಲರ್ ಹತ್ರ ನಿನ್ನ ಮುಖ ನಿನ್ನದಲ್ಲ ಕಣೇ, ನಂದು. ನನ್ನ ಮುಖ ನಿಂದು" ಅಂದಿದ್ದಳು. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಅವಳು ನನ್ನನ್ನು ಒರೆಸಿದ್ದಾಳೆ. ಸ್ವಲ್ಪ ಜೋರಾಗಿ ಒರೆಸುತ್ತಿದ್ದಳು, ಅಷ್ಟೆ.

ಈಗ ನನ್ನ ಜೋಡಿ ನನ್ನ ತಂಗಿಯ ಮಗಳು. ತಂಗಿ ಹೋದಮೇಲೆ ನಾನೇ ಸಾಕಿದ್ದು. ಸಣ್ಣಗೆ ಇದ್ದಾಳೆಂದು ಎಲ್ಲರೂ ಕಡ್ಡಿ ಅನ್ನುತ್ತಾರೆ. ಬೆಂಕಿಕಡ್ಡಿಯೂ ಕಡ್ಡಿಯೇ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಅವಳು ನನ್ನನ್ನು ದೊಡ್ಡಮ್ಮಾ ಅಂದರೆ ಇಡೀ ನೆಲಮಾಳಿಗೆ ದೊಡ್ಡಮ್ಮಾ ಅನ್ನುತ್ತದೆ, ಪಕ್ಕದ ರೋಲರಿನ ರೇಡಿಯೋ ಒಬ್ಬಳನ್ನು ಬಿಟ್ಟು. ಅವಳಿಗೆ ನಾನು ಅಕ್ಕ. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಅವಳು ರೇಡಿಯೋ. ಬಾಯ್ಲರ್ ನೋಡಿಕೊಳ್ಳುವವನು ಬಾಯ್ಲರ್ ಮಾವ. ಇಲ್ಲೇ ಬಟ್ಟೆ ಮಡಿಸುವ ಅವನ ಹೆಂಡತಿ ಅವನನ್ನು ಒರೆಸುತ್ತಾಳೆ. ನಮ್ಮ ಸೂಪರ್‌ವೈಸರ್ ಸೀಟಿ. ಕೊರಳಲ್ಲಿ ಸೀಟಿ ಕಟ್ಟಿಕೊಂಡು ಓಡಾಡುತ್ತಾನೆ. ಒಂದು ಸಲ ಊದಿದರೆ ಬೇಗ ಅಂತ, ಎರಡು ಸಲ ಊದಿದರೆ ಇಲ್ಲಿ ಬಾ ಅಂತ. ಮನುಷ್ಯರನ್ನು ಹೆಸರು ಹಿಡಿದು ಕರೆದು ಅವನಿಗೆ ಅಭ್ಯಾಸವಿಲ್ಲ.

ಬೇಸಿಗೆ ಶುರುವಾಗುವಾಗ ಒಬ್ಬ ಹುಡುಗ ಬಂದ. ಕಾಲರಿನ ಅಂಗಿ, ಕೈಯಲ್ಲಿ ಪೆಟ್ಟಿಗೆ. ಒಳ್ಳೆಯ ಮಾತಿನವನು. ಕ್ಲಬ್ಬಿನ ಜೊತೆ ಸೇರಿ ಏನೋ ಹೊಸದು ಮಾಡುತ್ತಿರುವ ಕಂಪನಿಯವನಂತೆ. ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೊಣಕೈ ಕೆಳಗೆ ಒಂದೊಂದು ಪಟ್ಟಿ ಅಂಟಿಸಿದ. ಗಾಯಕ್ಕೆ ಹಾಕುವ ಪಟ್ಟಿಯಂತೆಯೇ ಇತ್ತು. ಅಂಚಿನಲ್ಲಿ ಸೂಜಿಮೊನೆಯಂಥ ತೂತುಗಳು. ನಡುವೆ ಸಾಸಿವೆ ಕಾಳಿನಷ್ಟು ದೀಪ.

"ಇದು ಆಟಗಾರರಿಗೆ ಮಾಡಿದ್ದಮ್ಮಾ," ಅಂದ. "ಓಡೋವಾಗ ಮೈಯಿಂದ ಎಷ್ಟು ನೀರು ಹೋಯ್ತು, ಎಷ್ಟು ಉಪ್ಪು ಹೋಯ್ತು ಅಂತ ಬೆವರು ನೋಡಿ ಹೇಳುತ್ತೆ. ಹಸಿರು ಇದ್ರೆ ಚೆನ್ನಾಗಿದ್ದೀರಿ. ಹಳದಿ ಬಂದ್ರೆ ನೀರು ಕುಡೀಬೇಕು. ಕೆಂಪು ಬಂದ್ರೆ ಎಲ್ಲಾ ನಿಲ್ಲಿಸಿ ತಂಪಾದ ಕಡೆ ಕೂತ್ಕೋಬೇಕು."

"ನಾವೆಲ್ಲಿ ಓಡ್ತೀವಪ್ಪಾ?" ಅಂದೆ.

"ಓಡಲ್ಲ, ಆದ್ರೆ ಇಷ್ಟು ಬಿಸಿ ಇರೋ ಜಾಗ ಇನ್ನೆಲ್ಲಿ ಸಿಗುತ್ತೆ? ಉರಿಬಿಸಿಲಲ್ಲಿ ಓಡೋರಿಗೆ ಈ ಪಟ್ಟಿ ತಡೆಯುತ್ತಾ ಅಂತ ಇಲ್ಲಿ ನೋಡಬಹುದು."

"ಅಂದ್ರೆ ಅವರು ಓಡೋಕೆ ಮುಂಚೆ ನಾವು ಬೇಯ್ಬೇಕು," ಅಂದಳು ರೇಡಿಯೋ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ತೋಳಿಗೆ ದೀಪ! ಅಕ್ಕಾ, ಮನೇಲಿ ಕರೆಂಟ್ ಹೋದ್ರೆ ಇನ್ಮೇಲೆ ಚಿಂತೆ ಇಲ್ಲ, ಕೈ ಎತ್ತಿದ್ರೆ ಸಾಕು."

ಹುಡುಗನೂ ನಕ್ಕ. "ಬೆಳಿಗ್ಗೆ ಹಾಕಿ, ಸಂಜೆ ಬಿಚ್ಚಿಡಿ. ಕೆಲಸದ ಹೊತ್ತಲ್ಲಿ ಕೀಳಬೇಡಿ, ಅಷ್ಟೆ. ನೀರು ಬಿದ್ರೂ ಏನೂ ಆಗಲ್ಲ." ಮೇಲೆ ಅಂಟಿಸಿದ್ದಂಥದೇ ಒಂದು ಹಾಳೆಯನ್ನು ನಮ್ಮ ಬಾಗಿಲಿಗೂ ಅಂಟಿಸಿ ಹೋದ. ಬಿಡುವಿನಲ್ಲಿ ನಾನು ಅದನ್ನು ಕೂಡಿಸಿಕೊಂಡು ಓದಿದೆ. ಕೆಂಪು ದೀಪ ಬಂದವರು ಯಾರೇ ಆಗಲಿ ಕೂಡಲೇ ವಿಶ್ರಾಂತಿ ಕೋಣೆಗೆ ಬರತಕ್ಕದ್ದು. ಯಾರೇ ಆಗಲಿ ಅನ್ನುವುದನ್ನು ಎರಡು ಸಲ ಓದಿದೆ. ವಿಶ್ರಾಂತಿ ಕೋಣೆ ಅಂದರೆ ಮೇಲಿನದು. ಗಾಜಿನ ಹೂಜಿ ಇದ್ದ ಕೋಣೆ.

ಕೆಂಪು ಬರಲಿಲ್ಲ. ಹಳದಿಯೂ ಬರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ನಮ್ಮ ತೋಳೆಲ್ಲ ಹಸಿರು. ಮೈ ಕುದಿಯುತ್ತಿತ್ತು, ಕಣ್ಣು ಮಂಜಾಗುತ್ತಿತ್ತು, ದೀಪ ಮಾತ್ರ ತೆಂಗಿನ ಗರಿಯಂತೆ ಹಸಿರು. ಇರಬಹುದು ಅಂದುಕೊಂಡೆವು. ಇಷ್ಟು ವರ್ಷ ಬೆಂದ ಮೈ, ಗಟ್ಟಿಯಾಗಿರಬಹುದು. ಮೈಗೆ ಗೊತ್ತಿರುವುದಕ್ಕಿಂತ ಪಟ್ಟಿಗೆ ಹೆಚ್ಚು ಗೊತ್ತಿರಬಹುದು.

ಸೀಟಿಗೆ ಹಿಗ್ಗು. "ಮ್ಯಾನೇಜರ್ ಮೇಡಂ ಖುಷಿಯಾಗಿದ್ದಾರೆ. ನೀವೆಲ್ಲ ಕಬ್ಬಿಣದ ಮೈಯೋರಂತೆ. ಮೇಲಿನೋರಿಗೆ ಸ್ವಲ್ಪ ಓಡಿದ್ರೆ ಕೆಂಪು ಬರುತ್ತೆ, ನಿಮಗೆ ದಿನವೆಲ್ಲ ಹಸಿರು."

ಹೊಗಳಿಕೆಯ ಹಿಂದೆಯೇ ಏಟು ಬಂತು. ಮೇಲಿನ ಹೊಸ ಕೋಣೆಯೊಂದಕ್ಕೆ ಬೇಕೆಂದು ನಮ್ಮ ಗೋಡೆಯ ದೊಡ್ಡ ಫ್ಯಾನನ್ನು ಬಿಚ್ಚಿಕೊಂಡು ಹೋದರು. ಬಾಯ್ಲರ್ ಮಾವ ಅಡ್ಡ ನಿಂತು ಕೇಳಿದ. "ಇವರಿಗೆ ಬಿಸಿ ತಾಗ್ತಾ ಇಲ್ವಂತೆ. ಪಟ್ಟಿ ಹೇಳ್ತಿದೆಯಲ್ಲ," ಅಂದ ಸೀಟಿ. ಫ್ಯಾನು ಇದ್ದ ಜಾಗದಲ್ಲಿ ಹಲಗೆ ಹೊಡೆದರು. ಮತ್ತೊಂದು ದಿನ ರೋಲರಿನ ವೇಗ ಹೆಚ್ಚಿಸಿದರು. ಚಾದರ ಉಣಿಸುವುದಲ್ಲ, ಅದೇ ಕಿತ್ತುಕೊಂಡು ತಿನ್ನತೊಡಗಿತು. ನಾವು ಇನ್ನೂ ಬೇಗ ಬೇಗ ಒರೆಸಿದೆವು. ಒಬ್ಬರಿಗೊಬ್ಬರು ಅದೊಂದನ್ನೇ ಮಾಡಬಹುದಾಗಿತ್ತು.

ಕಡ್ಡಿ ಬಿದ್ದದ್ದು ಊಟದ ಹೊತ್ತಿಗೆ ಮೊದಲು. "ದೊಡ್ಡಮ್ಮಾ, ಚಾದರ ಎರಡೆರಡು ಕಾಣ್ತಿದೆ," ಅಂದಳು. ನಾನು ತುದಿ ಬಿಟ್ಟು ತಿರುಗುವುದರೊಳಗೆ ಅವಳ ಮೊಣಕಾಲು ಮಡಚಿತು. ಮುಂದಕ್ಕೆ ಬಿದ್ದಳು. ರೋಲರಿನ ಕಡೆಗೆ. ಕೂದಲಿಗೆ ಕೈಹಾಕಿ ಎಳೆದೆ. ತಲೆ ಉಳಿಯಿತು. ಎಡ ಅಂಗೈ ಉರುಳೆಗೆ ಅಂಟಿ ಬಂತು. ಆ ಸದ್ದು ನಾನು ಹೇಳುವುದಿಲ್ಲ.

ಬಾಯ್ಲರ್ ಮಾವ ಉಗಿ ನಿಲ್ಲಿಸಿದ. ರೇಡಿಯೋ ಬಕೆಟ್ಟು ಎಳೆದು ತಂದಳು. ಕಡ್ಡಿಯನ್ನು ನೆಲದ ಮೇಲೆ ಮಲಗಿಸಿ ಕೈ ನೀರಿನಲ್ಲಿಟ್ಟು, ಮುಖ, ತೋಳು ಎಲ್ಲ ಒರೆಸಿದೆ. ಸೀಟಿ ಓಡಿ ಹೋಗಿ ಮ್ಯಾನೇಜರ್ ಮೇಡಮ್ಮನನ್ನು ಕರೆತಂದ. ಅವರು ನೆಲಮಾಳಿಗೆ ನೋಡಿದ್ದು ಅದೇ ಮೊದಲು. ಕರವಸ್ತ್ರ ಮೂಗಿನ ಮೇಲಿತ್ತು. ಹಿಂದೆ ಪಟ್ಟಿಯ ಹುಡುಗ, ಕೈಯಲ್ಲಿ ಫೋನು.

ಮೇಡಂ ಕಡ್ಡಿಯ ಮುಖ ನೋಡಲಿಲ್ಲ. ತೋಳು ನೋಡಿದರು. ಹಸಿರು. ಫೋನು ನೋಡಿದರು.

"ಬೆಳಿಗ್ಗೆಯಿಂದ?"

"ಹಸಿರೇ ಇದೆ ಮೇಡಂ," ಅಂದ ಹುಡುಗ ಮೆಲ್ಲಗೆ.

"ಮತ್ತೆ ಬಿದ್ದದ್ದು ಯಾಕೆ?"

"ಸೆಖೆಗೆ ಬಿದ್ಲು ಅಮ್ಮಾ," ಅಂದೆ. "ಫ್ಯಾನ್ ತೆಗೆದಮೇಲೆ ಉಸಿರಾಡೋಕೂ ಆಗ್ತಿಲ್ಲ."

"ಮಿಷನ್ ಬೇರೆ ಹೇಳ್ತಿದೆಯಲ್ಲ. ಮನುಷ್ಯರು ಸುಳ್ಳು ಹೇಳಬಹುದು, ಇದು ಹೇಳಲ್ಲ. ಫ್ಯಾನ್ ವಾಪಸ್ ಬೇಕು ಅಂತ ಮಾಡಿದ ನಾಟಕ ಇದು."

"ನಾಟಕಕ್ಕೆ ಯಾರಾದ್ರೂ ಕೈ ಸುಟ್ಕೊಳ್ತಾರಾ?"

"ಬೀಳೋ ಜಾಗ ಲೆಕ್ಕ ತಪ್ಪಿರಬೇಕು," ಅಂದರು.

ಅಷ್ಟೇ ಅಲ್ಲ. ನಾಳೆ ಬೆಳಿಗ್ಗೆ ಎಲ್ಲರೆದುರು ನಿಂತು, ನಾನು ನಾಟಕ ಆಡಿದೆ ಎಂದು ಅವಳು ಹೇಳಬೇಕು. ಹೇಳಿದರೆ ಕೈ ವಾಸಿಯಾದ ಮೇಲೆ ಕೆಲಸ. ಇಲ್ಲವಾದರೆ ಬಾಗಿಲು. ಈ ಊರಿನ ಒಗೆಯುವ ಮನೆಗಳ ಸೂಪರ್‌ವೈಸರ್‌ಗಳೆಲ್ಲ ಒಂದೇ ಬಳ್ಳಿಯ ಕಾಯಿಗಳು. ನಾಟಕದವಳು ಎಂಬ ಹೆಸರು ಬಿದ್ದರೆ ಯಾವ ರೋಲರೂ ಅವಳನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಕೈಗೆ ಕಟ್ಟು ಹಾಕಿಸಿ ಮನೆಗೆ ತಂದು ಮಲಗಿಸಿದೆ. ನಮ್ಮದು ತಗಡಿನ ಮಾಡಿನ ಒಂದೇ ಕೋಣೆ. ಹೊತ್ತು ಇಳಿದಿದ್ದರೂ ತಗಡು ಕಾದಿತ್ತು. ಕಡ್ಡಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಆಮೇಲೆ ಕೇಳಿದಳು.

"ದೊಡ್ಡಮ್ಮಾ, ನಾನು ನಾಟಕ ಆಡಿದ್ನಾ?"

"ಏನು ಮಾತು ಅಂತ ಆಡ್ತೀಯೇ?"

"ಅಲ್ಲ, ದೀಪ ಹಸಿರಿತ್ತು. ಎಲ್ಲರೂ ನೋಡಿದ್ರು. ಮೈಗೆ ಏನೂ ಆಗಿರಲಿಲ್ಲ, ಮನಸ್ಸೇ ಬಿದ್ದುಬಿಡ್ತೇನೋ. ನನಗೇ ಅನುಮಾನ ಬರ್ತಿದೆ."

ಕೈ ಸುಟ್ಟದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಸುಟ್ಟಿತು. ಕೂಲಿಯನ್ನು ಕಿತ್ತುಕೊಂಡವರನ್ನು ಕಂಡಿದ್ದೇನೆ. ನಿದ್ದೆ ಕಿತ್ತುಕೊಂಡವರನ್ನು ಕಂಡಿದ್ದೇನೆ. ನೋವನ್ನೂ ಕಿತ್ತುಕೊಂಡು, ಇದು ನಿನ್ನದಲ್ಲ ಅನ್ನುವವರನ್ನು ಅವತ್ತೇ ಕಂಡದ್ದು.

ರೇಡಿಯೋ ಬಾಗಿಲು ತಳ್ಳಿಕೊಂಡು ಬಂದಳು. ಊಟದ ಡಬ್ಬಿ ತಂದಿದ್ದಳು. "ತಿನ್ನೇ ಕಡ್ಡಿ. ಹೊಟ್ಟೆ ತುಂಬಿಸ್ಕೊಂಡು ಬೈಯೋಣ, ಖಾಲಿ ಹೊಟ್ಟೇಲಿ ಬೈಗುಳಕ್ಕೆ ರುಚಿ ಇರಲ್ಲ." ಹಾಗೆನ್ನುತ್ತಾ ಕಡ್ಡಿಯ ತೋಳು ಹಿಡಿದು ಎಬ್ಬಿಸಹೋದವಳು ನಿಂತುಬಿಟ್ಟಳು. "ಅಕ್ಕಾ, ಇಲ್ಲಿ ನೋಡು."

ಗಡಿಬಿಡಿಯಲ್ಲಿ ಪಟ್ಟಿ ಕೀಳುವುದು ಯಾರಿಗೂ ನೆನಪಾಗಿರಲಿಲ್ಲ. ಅದು ಇನ್ನೂ ಅವಳ ತೋಳಿನಲ್ಲೇ ಇತ್ತು. ದೀಪ ಕೆಂಪಗೆ ಉರಿಯುತ್ತಿತ್ತು.

"ಕೆಲಸದಲ್ಲಿ ಹಸಿರು, ಮಲಗಿದ್ರೆ ಕೆಂಪು! ಇದ್ಯಾವ ಸೀಮೆ ದೀಪ?"

ನನಗೂ ತಿಳಿಯಲಿಲ್ಲ. ಅವಳ ಕುತ್ತಿಗೆ ಬೆವರಿನಲ್ಲಿ ತೊಯ್ದಿತ್ತು. ಕೈ ತಾನಾಗಿಯೇ ಒದ್ದೆ ಬಟ್ಟೆ ಹುಡುಕಿತು. ಅಷ್ಟು ವರ್ಷದ ಅಭ್ಯಾಸ. ಹಣೆ ಒರೆಸಿದೆ, ಕುತ್ತಿಗೆ ಒರೆಸಿದೆ, ತೋಳು ಒರೆಸಿದೆ. ಪಟ್ಟಿಯ ಮೇಲೂ ಬಟ್ಟೆ ಹಾಯಿತು. ನೋಡುನೋಡುತ್ತಿದ್ದಂತೆ ಕೆಂಪು ಹಳದಿಯಾಯಿತು. ಇನ್ನೊಮ್ಮೆ ಒರೆಸಿದೆ. ಹಸಿರು.

ತಗಡು ಟಕ್ ಟಕ್ ಎಂದು ತಣ್ಣಗಾಗುತ್ತಿತ್ತು. ಬೆವರು ಹೇಳಬೇಕಾದ್ದನ್ನು ನಾವೇ, ನಮ್ಮ ಕೈಯಾರೆ, ಪ್ರೀತಿಯಿಂದ ಅಳಿಸುತ್ತಾ ಬಂದಿದ್ದೆವು. ನಾವು ಒಬ್ಬರನ್ನೊಬ್ಬರು ಒರೆಸಿದ್ದೇ ಅವರಿಗೆ ಫ್ಯಾನು ಕೀಳಲು ಸಾಕಾಯಿತು.

"ನಮ್ಮ ಒಳ್ಳೇತನಕ್ಕಿಷ್ಟು ಬೆಂಕಿ ಹಾಕ," ಅಂದಳು ರೇಡಿಯೋ.

ಕಡ್ಡಿ ಎದ್ದು ಕೂತಳು. ದೀಪವನ್ನೇ ನೋಡುತ್ತಿದ್ದಳು. "ಹಾಗಾದ್ರೆ ನಾನು ನಿಜವಾಗ್ಲೂ ಬಿದ್ದೆ," ಅಂದಳು. ಆಮೇಲೆ ಊಟ ಮಾಡಿದಳು.

ಬೆಳಿಗ್ಗೆ ಹಿಂಬಾಗಿಲಲ್ಲಿ ಪಟ್ಟಿಯ ಹುಡುಗನನ್ನು ಹಿಡಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒರೆಸುವುದು, ಹಸಿರು, ರಾತ್ರಿಯ ಕೆಂಪು. ಅವನ ಮುಖ ಒಗೆದ ಚಾದರದಂತೆ ಬಿಳಿಚಿತು. ಸುತ್ತ ನೋಡಿದ.

"ಅಮ್ಮಾ, ದಯವಿಟ್ಟು ಇದನ್ನ ಯಾರಿಗೂ ಹೇಳ್ಬೇಡಿ. ವರದಿ ಮೇಲೆ ಹೋಗಿಬಿಟ್ಟಿದೆ. ಎಂಥಾ ಸೆಖೇಲೂ ಕೆಲಸ ಮಾಡುತ್ತೆ ಅಂತ ಹೇಳಿಬಿಟ್ಟಿದ್ದೀವಿ. ಈಗ ತಪ್ಪು ಅಂದ್ರೆ ನನ್ನ ಕೆಲಸ ಹೋಗುತ್ತೆ."

"ಅವಳದ್ದು ಹೋಗ್ತಿದೆಯಲ್ಲಪ್ಪಾ."

"ನನಗೆ ಗೊತ್ತು. ಏನ್ ಮಾಡ್ಲಿ? ನೀವು ಇವತ್ತಿಂದ ಒರೆಸ್ಬೇಡಿ. ಎಲ್ಲಾ ತಾನಾಗೇ ಸರಿಹೋಗುತ್ತೆ."

"ಮೇಡಮ್ಮನ ಹತ್ರ ಒಂದು ಮಾತು ಹೇಳು. ಒಂದೇ ಮಾತು. ಆ ಮಗು ಸುಳ್ಳು ಹೇಳಲಿಲ್ಲ ಅಂತ."

ಅವನು ಹೇಳಲಿಲ್ಲ. ತಲೆ ತಗ್ಗಿಸಿ ಮೇಲೆ ಹೋದ. ಕೆಟ್ಟವನೇನಲ್ಲ. ಕೆಟ್ಟವರಿಂದ ಆಗುವಷ್ಟೇ ಕೇಡು ಹೆದರುವವರಿಂದಲೂ ಆಗುತ್ತದೆ.

ಕೆಳಗೆ ಸೀಟಿ ಒಂದು ಪೆಟ್ಟಿಗೆ ಮಗುಚಿಟ್ಟಿದ್ದ. ನಮ್ಮನ್ನೆಲ್ಲ ಸುತ್ತ ನಿಲ್ಲಿಸಿದ್ದ. ಕಡ್ಡಿಗೆ, "ಹತ್ತು," ಅಂದ.

ಕಡ್ಡಿ ಹತ್ತಿದಳು. ಕಟ್ಟು ಕಟ್ಟಿದ ಕೈಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ನಾನು ಅವಳನ್ನೇ ನೋಡಿದೆ. ಮನಸ್ಸಿನಲ್ಲಿ ಎರಡೂ ಇತ್ತು. ಹೇಳಿಬಿಡು ಮಗಾ, ಕೆಲಸ ಉಳಿಯಲಿ ಎಂದೂ ಇತ್ತು. ಹೇಳಬೇಡ ಎಂದೂ ಇತ್ತು.

"ನಾನು," ಅಂದಳು. ನಿಂತಳು. "ನಾನು ಬಿದ್ದೆ. ಸೆಖೆಗೆ ತಲೆ ಸುತ್ತಿ ಬಿದ್ದೆ. ಇನ್ನೂ ಹತ್ತು ಸಲ ಪೆಟ್ಟಿಗೆ ಹತ್ತಿಸಿದ್ರೂ ಇದನ್ನೇ ಹೇಳ್ತೀನಿ."

ಇಳಿದಳು.

ಸೀಟಿಯ ಮುಖ ಕಪ್ಪಿಟ್ಟಿತು. "ನಡಿ ಆಚೆ!"

"ಅವಳು ಎಲ್ಲೂ ಹೋಗಲ್ಲ," ಅಂದೆ.

ನನ್ನ ದನಿ ನನಗೇ ಹೊಸದಾಗಿ ಕೇಳಿತು. ಅಷ್ಟು ವರ್ಷದಲ್ಲಿ ನಾನು ಅವನಿಗೆ ಹೂಂ ಬಿಟ್ಟು ಬೇರೆ ಮಾತು ಆಡಿದ್ದು ಕಡಿಮೆ.

"ಏ ಮುದುಕಿ, ನಿನಗೂ ಬಾಯಿ ಬಂತಾ?"

"ಬಾಯಿ ಮೊದಲಿಂದ ಇತ್ತು. ಇವತ್ತು ತೆಗೆದೆ. ಅವಳು ಇಲ್ಲೇ ಬಕೆಟ್ ಹತ್ರ ನಿಂತಿರ್ತಾಳೆ. ನಾವು ಕೆಲಸ ಶುರು ಮಾಡ್ತೀವಿ. ನಿಮಗೆ ಬೇಕಾದ್ದು ಕೆಲಸ ತಾನೆ?"

ಹೊರೆ ಹೊರೆ ಚಾದರ ಬಿದ್ದಿತ್ತು. ಅವನಿಗೂ ಅದೇ ಬೇಕಿತ್ತು. ಸೀಟಿ ಊದಿದ.

ನಾನು ಒದ್ದೆ ಬಟ್ಟೆಯನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದು, ಬಕೆಟ್ಟಿಗೆ ಹಾಕಿದೆ. "ಇವತ್ತು ಯಾರೂ ಯಾರನ್ನೂ ಒರೆಸ್ಬೇಡಿ," ಅಂದೆ. ರೇಡಿಯೋ ರಾತ್ರಿಯೇ ಮನೆಮನೆಗೆ ಹೋಗಿ ಬಂದಿದ್ದಳು. ಅವಳ ಬಾಯಿ ಅವತ್ತು ಸಾರ್ಥಕವಾಗಿತ್ತು. ಯಾರೂ ಏಕೆ ಎಂದು ಕೇಳಲಿಲ್ಲ. ಬಟ್ಟೆಗಳು ಒಂದೊಂದಾಗಿ ಬಕೆಟ್ಟಿಗೆ ಬಿದ್ದವು. ನನ್ನ ಜೋಡಿಗೆ ಕಡ್ಡಿಯ ಜಾಗದಲ್ಲಿ ಬಾಯ್ಲರ್ ಮಾವನ ಹೆಂಡತಿ ನಿಂತಳು.

ರೋಲರು ತಿರುಗಿತು. ಚಾದರ ಕೊಟ್ಟೆವು. ಬಿಸಿ ಬಂದು ಮುಖಕ್ಕೆ ಬಡಿಯಿತು. ಬೆವರು ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕಣ್ಣಿಗೆ ಇಳಿಯಿತು. ಉಪ್ಪು ಉರಿಯಿತು. ಒರೆಸುವವರಿಲ್ಲ. ಮೂಗಿನ ತುದಿಯಿಂದ, ಗದ್ದದಿಂದ ಹನಿ ಬಿತ್ತು. ಬಿಳಿ ಚಾದರದ ಮೇಲೆ ಹಳದಿ ಕಲೆ ಸುಟ್ಟು ಕೂತಿತು. ಒಂದು, ಇನ್ನೊಂದು, ಆಮೇಲೆ ಎಣಿಸಲಾರದಷ್ಟು. ಬೆವರು ಒರೆಸದೆ ನಿಲ್ಲುವುದು ಎಷ್ಟು ಕಷ್ಟವೆಂದು ಹೇಳಿದರೆ ತಿಳಿಯುವುದಿಲ್ಲ. ಎದುರಿನವಳ ಕಣ್ಣಿಗೆ ಬೆವರು ಇಳಿಯುವುದನ್ನು ನೋಡಿಯೂ ಸುಮ್ಮನಿರುವುದು ಅದಕ್ಕಿಂತ ಕಷ್ಟ. ನನ್ನ ಕೈ ನನ್ನನ್ನು ಕೇಳದೆ ಬಕೆಟ್ಟಿನ ಕಡೆ ಹೋಯಿತು.

ಕಡ್ಡಿ ಬಕೆಟ್ಟನ್ನು ಬಲಗೈಯಲ್ಲಿ ಆಚೆಗೆ ಎಳೆದಳು. "ದೊಡ್ಡಮ್ಮಾ, ಕೈ."

ಕೈ ಹಿಂದೆ ತೆಗೆದೆ.

"ಏನ್ರೇ ಇದು? ಚಾದರ ಎಲ್ಲಾ ಹಾಳು! ಒರೆಸ್ರೇ!" ಸೀಟಿ ಕೂಗಿದ. ಊದಿದ. ಮತ್ತೆ ಊದಿದ. ತಾನೇ ಬಟ್ಟೆ ತೆಗೆದು ರೇಡಿಯೋಳ ಮುಖಕ್ಕೆ ಒರೆಸಹೋದ.

"ಮುಟ್ಟಬೇಡಿ," ಅಂದಳು ರೇಡಿಯೋ. "ನನ್ನ ಮುಖ ನನ್ನ ಜೋಡೀದು. ನಿಮ್ಮದಲ್ಲ."

ಮೊದಲು ಹಳದಿ ಬಂದದ್ದು ಬಾಯ್ಲರ್ ಮಾವನ ತೋಳಿನಲ್ಲಿ. ಆಮೇಲೆ ಇಡೀ ಸಾಲು. ಆ ಹಳದಿ ಒಂದೊಂದಾಗಿ ಕೆಂಪಾಯಿತು. ಉಗಿಯ ಮಬ್ಬಿನಲ್ಲಿ ಕೆಂಪು ಚುಕ್ಕೆಗಳು. ನನ್ನದೂ ಕೆಂಪಾಯಿತು. ನನಗೆ ಭಯವಾಗಬೇಕಿತ್ತು. ಆದದ್ದು ಸಮಾಧಾನ. ಅಷ್ಟು ವರ್ಷ ನನ್ನೊಳಗೇ ಇದ್ದದ್ದನ್ನು ಯಾರೋ ಹೊರಗೆ ಹೇಳಿದಂತಾಯಿತು.

ರೋಲರಿನ ಪಕ್ಕದಲ್ಲಿ ನಿಲ್ಲಿಸುವ ಗುಂಡಿ ಇದೆ. ಅದನ್ನು ಒತ್ತುವವನು ಸೀಟಿ ಮಾತ್ರ. ನಾನು ಒತ್ತಿದೆ. ಆ ಗದ್ದಲ ನಿಂತಾಗ ಕಿವಿ ನೋಯುವಷ್ಟು ಮೌನವಾಯಿತು.

"ನಡೀರಿ," ಅಂದೆ.

"ಹಿಂಬಾಗಿಲಿಂದ ತಾನೆ ಅಕ್ಕಾ?" ಎಂದು ರೇಡಿಯೋ ಬೇಕೆಂದೇ ಜೋರಾಗಿ ಕೇಳಿದಳು.

"ಮುಂದಿನ ಮೆಟ್ಟಿಲಿಂದ."

ಸೀಟಿ ಅಡ್ಡ ನಿಂತ. ಬಾಗಿಲಿನ ಹಾಳೆಯನ್ನು ಬೆರಳಿಟ್ಟು ತೋರಿಸಿದೆ. ತೋಳು ತೋರಿಸಿದೆ. ಅವನು ಹಾಳೆ ನೋಡಿದ, ತೋಳು ನೋಡಿದ. ಪಕ್ಕಕ್ಕೆ ಸರಿದ.

ಮೆಟ್ಟಿಲು ಅದೇ. ನನ್ನ ಮಂಡಿ ಹಳೆಯದಾಗಿದೆ. ಕಡ್ಡಿ ಒಳ್ಳೆಯ ಕೈ ಕೊಟ್ಟಳು. ಮೇಲೆ ಬಂದಾಗ ತಂಪು ಮೈಗೆ ತಾಗಿ ಜುಮ್ಮೆಂದಿತು. ಓಡುತ್ತಿದ್ದವರು ನಿಂತರು. ಒದ್ದೆ ಬಟ್ಟೆ, ಅಂಟಿದ ಕೂದಲು, ಬರಿಗಾಲು. ನಾವು ನೇರ ವಿಶ್ರಾಂತಿ ಕೋಣೆಗೆ ಹೋಗಿ ಆ ಮೆತ್ತನೆಯ ಬೆಂಚುಗಳ ಮೇಲೆ ಕೂತೆವು. ಅಲ್ಲೊಬ್ಬ ಹಿರಿಯರು ಮೊದಲೇ ಕೂತಿದ್ದರು. ಅವರ ತೋಳಿನಲ್ಲೂ ಕೆಂಪು ದೀಪ, ಕೈಯಲ್ಲಿ ನೀರಿನ ಲೋಟ. ನನ್ನ ದೀಪ ನೋಡಿದರು, ತಮ್ಮದು ನೋಡಿಕೊಂಡರು. ಸ್ವಲ್ಪ ಸರಿದು ಕೂತರು. ಹೇಸಿಗೆಗೋ, ಜಾಗ ಕೊಡಲಿಕ್ಕೋ, ನನಗೆ ತಿಳಿಯಲಿಲ್ಲ.

ಮೇಡಂ ಓಡೋಡಿ ಬಂದರು. "ಇದೇನಿದು? ಯಾರು ಬಿಟ್ಟದ್ದು ಇವರನ್ನ?"

"ದೀಪ ಬಿಟ್ಟಿತು," ಅಂದಳು ರೇಡಿಯೋ.

ಎಲ್ಲರೂ ತೋಳು ಎತ್ತಿದೆವು. ಎಲ್ಲ ಕೆಂಪು. ಬಾಗಿಲಲ್ಲಿ ಪಟ್ಟಿಯ ಹುಡುಗ ಗೋಡೆಗೆ ಒರಗಿ ನಿಂತಿದ್ದ. ಮೇಡಂ ಅವನ ಕಡೆ ತಿರುಗಿದರು. "ಇಷ್ಟು ದಿನ ಹಸಿರಿತ್ತಲ್ಲ?"

ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

"ಇಷ್ಟು ದಿನ ನಾವು ಒರೆಸ್ತಿದ್ವಿ ಅಮ್ಮಾ," ಅಂದೆ. "ನಿಮ್ಮ ಚಾದರಕ್ಕೆ ಕಲೆ ಆಗ್ಬಾರ್ದು ಅಂತ ಒಬ್ಬರನ್ನೊಬ್ಬರು ಒರೆಸ್ತಿದ್ವಿ. ಪಟ್ಟೀನೂ ಒರೆಸಿಹೋಗ್ತಿತ್ತು. ನಿನ್ನೆ ಇವಳು ಬಿದ್ದಾಗ್ಲೂ ನಾನೇ ಒರೆಸಿದ್ದೆ. ಅದನ್ನೇ ನೀವು ನೋಡಿದ್ದು. ಇವತ್ತು ಒರೆಸಲಿಲ್ಲ. ಮನುಷ್ಯರ ಮಾತು ನಂಬಲ್ಲ, ದೀಪ ನಂಬ್ತೀನಿ ಅಂದ್ರಲ್ಲ. ನಂಬಿ."

"ಸರಿ, ಸರಿ," ಅಂದರು ಮೇಡಂ. ಓಡುವವರೆಲ್ಲ ನೋಡುತ್ತಿದ್ದರು. ಅದು ಅವರಿಗೆ ಚುಚ್ಚುತ್ತಿತ್ತು. ದನಿ ತಗ್ಗಿಸಿದರು. "ಫ್ಯಾನ್ ಹಾಕಿಸ್ತೀನಿ. ಇವತ್ತೇ. ಈಗ ಎಲ್ಲರೂ ಕೆಳಗೆ ಹೋಗಿ."

"ಫ್ಯಾನ್ ಹಾಕಿಸಿ, ಒಳ್ಳೇದು. ಅದಕ್ಕೆ ಮೊದಲು ಆ ಮಾತು ವಾಪಸ್ ತಗೊಳ್ಳಿ. ನಾಟಕ ಅಂದ್ರಲ್ಲ, ಆ ಮಾತು. ಎಲ್ಲರೆದುರು ಅಂದಿದ್ರಿ. ಎಲ್ಲರೆದುರೇ ತಗೊಳ್ಳಿ."

"ಅದೆಲ್ಲ ಆಮೇಲೆ ಮಾತಾಡೋಣ."

"ಆಮೇಲೆವರೆಗೂ ಇಲ್ಲೇ ಕೂತಿರ್ತೀವಿ."

ಯಾರೂ ಏಳಲಿಲ್ಲ. ಕಡ್ಡಿ ಎದ್ದಳು. ಗಾಜಿನ ಹೂಜಿಯ ಹತ್ತಿರ ಹೋದಳು. ಒಂದೇ ಕೈಯಲ್ಲಿ ಲೋಟಕ್ಕೆ ನೀರು ಬಗ್ಗಿಸಿದಳು. ಅರ್ಧ ಹೊರಗೆ ಚೆಲ್ಲಿತು. ಯಾರೂ ಬೇಡ ಅನ್ನಲಿಲ್ಲ. ತಂದು ನನ್ನ ಕೈಗೆ ಕೊಟ್ಟಳು. ಕುಡಿದೆ. ಉಪ್ಪು, ಸಕ್ಕರೆ ಎರಡೂ ಇತ್ತು. ಅಷ್ಟು ವರ್ಷದ ಹಿಂದೆ ಕೇಳಿದ ನೀರು.

ನಾವು ಕೂತಲ್ಲಿ ಹೊಳೆಯುವ ನೆಲದ ಮೇಲೆ ಬೆವರು ತೊಟ್ಟಿಕ್ಕುತ್ತಿತ್ತು. ಪ್ರತಿಯೊಬ್ಬರ ಕಾಲ ಬಳಿಯೂ ಒಂದೊಂದು ಪುಟ್ಟ ಕೆರೆ. ಮೇಡಂ ಅದನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾಗಲಿಲ್ಲ. ಕಪಾಟಿನಿಂದ ಒಂದು ಬಿಳಿ ಟವೆಲ್ಲು ತೆಗೆದು ನನ್ನ ಮುಂದೆ ಹಿಡಿದರು. ಅದರ ಮಡಿಕೆ ನನಗೆ ಗೊತ್ತು. ನನ್ನ ಕೈಯ ಮಡಿಕೆ.

"ನೆಲ ಎಲ್ಲಾ ಗಲೀಜಾಗ್ತಿದೆ," ಅಂದರು. "ಮೊದಲು ಒರೆಸ್ಕೊಳ್ಳಿ."

ಟವೆಲ್ಲು ತೆಗೆದುಕೊಂಡೆ. ಮೂಲೆಗೆ ಮೂಲೆ ಕೂಡಿಸಿ ಇನ್ನೊಂದು ಮಡಿಕೆ ಮಡಿಸಿದೆ. ಅವರ ಕೈಯಲ್ಲೇ ಮರಳಿ ಇಟ್ಟೆ.

"ಒರೆಸಲ್ಲಮ್ಮಾ," ಅಂದೆ. "ಅದು ಸಾಕ್ಷಿ ಹೇಳ್ತಿದೆ. ಹೇಳಿ ಮುಗಿಸಲಿ."